ಪಾಠ 12: ಕುಂಡದಲ್ಲಿ ದಾಳಿಂಬೆ ಗಿಡ

ಗುಡ್ಡದ ಬಂಡೆ ಸಂದಿಯಲ್ಲಿ ಅರಳಿ ಗಿಡ ಹುಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಹಳೆ ಗೋಡೆಯ ಬಿರುಕಿನಲ್ಲೂ ಅದು ಹುಟ್ಟುತ್ತದೆ. ಬೀಜ ತಂದದ್ದು ಹಕ್ಕಿ. ಮಣ್ಣು ಒಂದೇ ಹಿಡಿ. ನೀರು ಮಳೆ ಬಂದಾಗ ಮಾತ್ರ. ಎಷ್ಟೋ ವರ್ಷ ಕಳೆದರೂ ಅದು ಮೊಣಕಾಲೆತ್ತರ ದಾಟುವುದಿಲ್ಲ. ಬಯಲಿನಲ್ಲಿ ಹುಟ್ಟಿದ್ದರೆ ಅದೇ ಗಿಡ ಊರಿಗೆಲ್ಲ ನೆರಳು ಕೊಡುತ್ತಿತ್ತು.

ಇಂಥ ಚಿಕ್ಕ ಗಿಡ ನೋಡಿ ಚೀನಾ ದೇಶದವರು ಬಹಳ ಹಿಂದೆಯೇ ಮರಗಳನ್ನು ಕುಂಡದಲ್ಲಿ ಬೆಳೆಸಿದರು. ಜಪಾನಿನವರು ಅವರಿಂದ ಕಲಿತರು. ಇದಕ್ಕೆ ಬೋನ್ಸಾಯ್ ಎಂದು ಹೆಸರು. 'ಬೋನ್' ಅಂದರೆ ತಾಟಿನಂಥ ಕುಂಡ. 'ಸಾಯ್' ಅಂದರೆ ನೆಡುವುದು. ಬೆಂಗಳೂರಿನ ಲಾಲ್‌ಬಾಗ್ ತೋಟದಲ್ಲಿ ಇಂಥ ಗಿಡಗಳಿವೆ. ಅವುಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ.

"ಅಕ್ಕಾ, ಗಿಡ ಚಿಕ್ಕದಿರಬೇಕಾದ್ರ ಅದಕ್ಕ ನೀರು, ಗೊಬ್ಬರ ಕಡಿಮಿ ಹಾಕಬೇಕೇನು?"

ಹಂಗಲ್ಲ ತಂಗಿ. ಬಂಡೆಯ ಗಿಡ ಹಸಿವಿನಿಂದ ಚಿಕ್ಕದಾಯಿತು. ಕುಂಡದ ಗಿಡ ಆರೈಕೆಯಿಂದ ಚಿಕ್ಕದಾಗಿರುತ್ತದೆ. ಟೊಂಗೆ ಕತ್ತರಿಸುತ್ತೇವೆ, ಬೇರು ಕತ್ತರಿಸುತ್ತೇವೆ. ಆದರೆ ಹೊಟ್ಟೆಗೆ ಕಡಿಮೆ ಮಾಡುವುದಿಲ್ಲ. ಹಸಿದ ಗಿಡ ಹೂ ಬಿಡುವುದಿಲ್ಲ.

ಯಾವ ಗಿಡ ನೆಡಬೇಕು?

ಚಿತ್ರದಲ್ಲಿ ಪೀಚ್ ಗಿಡ ನೋಡಿದರೆ ಆಸೆಯಾಗುತ್ತದೆ. ಎಲೆಯೇ ಇಲ್ಲದ ಟೊಂಗೆಯ ತುಂಬ ಗುಲಾಬಿ ಬಣ್ಣದ ಹೂ! ಆದರೆ ಪೀಚ್ ಚಳಿ ದೇಶದ ಗಿಡ. ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲದ ಕಡೆ ಅದು ಚೆನ್ನಾಗಿ ಬೆಳೆಯುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನೂರಾರು ತಾಸು ಚಳಿ ಸಿಕ್ಕ ಮೇಲೆ ಎದ್ದು ಹೂ ಬಿಡುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. "ಇದು ಪೀಚ್, ನಿಮ್ಮ ಮನೆಯಲ್ಲೂ ಹೂ ಬಿಡುತ್ತದೆ" ಎಂದು ಯಾರಾದರೂ ಮಾರಲು ಬಂದರೆ ನಂಬಿ ಕೂಲಿ ಹಣ ಕೊಡಬಾರದು.

ನಮ್ಮ ಬಿಸಿಲಿಗೆ ದಾಳಿಂಬೆ ಸರಿ. ಹೂ ಕೆಂಪು, ಹಣ್ಣೂ ಬಿಡುತ್ತದೆ. ಕಾಗದದ ಹೂವಿನ ಬಳ್ಳಿಯೂ ಆಗುತ್ತದೆ. ಅಡೇನಿಯಂ ಎಂಬ ದಪ್ಪ ಬುಡದ ಹೂಗಿಡವೂ ಆಗುತ್ತದೆ. ಆದರೆ ಅಡೇನಿಯಂ ಹಾಲು ವಿಷ. ಮಕ್ಕಳು, ಆಡುಗಳು ಇರುವ ಮನೆಯಲ್ಲಿ ಜೋಪಾನ. ಈ ಪಾಠದಲ್ಲಿ ದಾಳಿಂಬೆ ಬೆಳೆಸೋಣ. ಕಡ್ಡಿ ನೆರೆಮನೆಯ ಹಿತ್ತಲಲ್ಲಿ ಪುಕ್ಕಟೆ ಸಿಗುತ್ತದೆ.

ಮಣ್ಣು

ಹೊಲಕ್ಕೆ ಎರಿ ಮಣ್ಣು ಒಳ್ಳೆಯದು. ಕುಂಡಕ್ಕೆ ಅದು ಬೇಡ. ಹಸಿ ಇದ್ದರೆ ನೀರು ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಒಣಗಿದರೆ ಬಿರುಕು ಬಿಡುತ್ತದೆ, ಬೇರು ಹರಿಯುತ್ತದೆ. ಮಸಾರಿ ಮಣ್ಣು 2 ಪುಟ್ಟಿ, ದಪ್ಪ ಉಸುಕು 1 ಪುಟ್ಟಿ, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ 1 ಪುಟ್ಟಿ ಬೆರೆಸಬೇಕು. ಉಸುಕು ಸಿಗದಿದ್ದರೆ ಇಟ್ಟಿಗೆ ಚೂರು ಆದೀತು.

ಬೆಳೆಸುವ ಕ್ರಮ

ಮೊದಲ ವರ್ಷ: ಮಿರಗದ ಮಳೆ ಬಿದ್ದ ಮೇಲೆ ಪೆನ್ಸಿಲ್ ದಪ್ಪದ ಕಡ್ಡಿ ತರಬೇಕು. ಉದ್ದ ಒಂದು ಗೇಣು ಸಾಕು. ತಳದಲ್ಲಿ ತೂತು ಇರುವ ಹಳೆ ಡಬ್ಬಿಯಲ್ಲಿ ಅರ್ಧ ಹುಗಿದು ನೆರಳಲ್ಲಿ ಇಡಬೇಕು. ನಾಲ್ಕೈದು ಕಡ್ಡಿ ನೆಡಿರಿ. ಎಲ್ಲವೂ ಚಿಗುರುವುದಿಲ್ಲ.

ಎರಡನೆಯ ವರ್ಷ: ಗಿಡ ಬಿಸಿಲಿಗೆ ಬರಲಿ. ಬುಡ ದಪ್ಪವಾಗಲಿ. ಟೊಂಗೆಯನ್ನು ಗಟ್ಟಿ ನೂಲಿನಿಂದ ಮೆಲ್ಲಗೆ ಎಳೆದು ಕುಂಡಕ್ಕೆ ಕಟ್ಟಿದರೆ ಬೇಕಾದ ಕಡೆ ಬಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಎಳೆಯದಿದ್ದಾಗಲೇ ಬಗ್ಗಿಸಬೇಕು. ನೂಲು ತೊಗಟೆಯೊಳಗೆ ಇಳಿಯುವ ಮೊದಲೇ ಬಿಚ್ಚಬೇಕು.

ಮೂರನೆಯ ವರ್ಷ: ಮಳೆಗಾಲದ ಮೊದಲಲ್ಲಿ ಗಿಡ ಕಿತ್ತು ಮಣ್ಣು ಉದುರಿಸಬೇಕು. ಬೇರಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ಕತ್ತರಿಸಬೇಕು. ದಪ್ಪ ಬೇರು ತೆಗೆದು ಸಣ್ಣ ಬೇರು ಉಳಿಸಬೇಕು. ಆಮೇಲೆ ಅಗಲವಾದ, ಆಳವಿಲ್ಲದ ಮಣ್ಣಿನ ಕುಂಡಕ್ಕೆ ಹಾಕಬೇಕು. ತೂತಿನ ಮೇಲೆ ಹಂಚಿನ ಚೂರು ಇಡಬೇಕು. 15 ದಿನ ನೆರಳಲ್ಲಿ ಇಡಬೇಕು.

ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬರುತ್ತದೆ. ಆದ್ದರಿಂದ ಮೊಗ್ಗಿನ ಕಾಲದಲ್ಲಿ ಕತ್ತರಿ ಮುಟ್ಟಬಾರದು. ಹೂ ಮುಗಿದ ಮೇಲೆ ಕತ್ತರಿಸಬೇಕು. ಕಾಯಿ ಕಚ್ಚಿದರೆ ಒಂದು ಸಾಕು. ಉಳಿದದ್ದು ತೆಗೆಯಿರಿ, ಇಲ್ಲದಿದ್ದರೆ ಗಿಡ ದಣಿಯುತ್ತದೆ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಬೇಕು.

ನೀರು

ಮಣ್ಣಿನೊಳಗೆ ಬೆರಳು ಇಟ್ಟು ನೋಡಿ. ಒಣಗಿದ್ದರೆ ನೀರು ಹಾಕಿ. ಬೇಸಿಗೆಯಲ್ಲಿ ಮುಂಜಾನೆ, ಸಂಜೆ ಎರಡು ಸಲ ಬೇಕಾಗುತ್ತದೆ. ಅಕ್ಕಿ ತೊಳೆದ ನೀರು ಹಾಕಬಹುದು. ಸೋಪಿನ ನೀರು ಬೇಡ. ಬೋರಿನ ನೀರು ಸವಳಿದ್ದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣುತ್ತದೆ. ಆಗ ಮಳೆ ನೀರು ಹಿಡಿದಿಟ್ಟು, ತಳದ ತೂತಿನಿಂದ ಹರಿದು ಹೋಗುವಷ್ಟು ಹಾಕಬೇಕು. ಉಪ್ಪು ತೊಳೆದು ಹೋಗುತ್ತದೆ.

ದೊಡ್ಡ ಮರ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಕುಂಡದ ಮರಕ್ಕೆ ನಮ್ಮ ಕೈಯೇ ಗತಿ. ಕಾಲುವೆ ನೀರು ನಿಂತಾಗ, ಕೂಲಿ ಇಲ್ಲದಾಗ ನಮ್ಮಲ್ಲಿ ಎಷ್ಟೋ ಜನ ಗುಳೆ ಹೋಗುತ್ತೇವೆ. ಸುಡುವ ಬಿಸಿಲಿನಲ್ಲಿ ಎರಡು ದಿನ ನೀರು ತಪ್ಪಿದರೆ ಐದು ವರ್ಷದ ಗಿಡ ಒಣಗಿ ಹೋದೀತು. ಅದಕ್ಕೇ ಒಬ್ಬೊಬ್ಬರೇ ಬೆಳೆಸುವುದಕ್ಕಿಂತ ಓಣಿಯ ನಾಲ್ಕು ಹೆಣ್ಣುಮಕ್ಕಳು ಕೂಡಿ ಬೆಳೆಸುವುದು ಚಲೋ. ಹೋದವರ ಗಿಡಕ್ಕೆ ಇದ್ದವರು ನೀರು ಹಾಕಲಿ.

ಬರೆದಿಡೋಣ

ಪೇಟೆಯಲ್ಲಿ ಇಂಥ ಗಿಡದ ಬೆಲೆ ಎತ್ತರಕ್ಕಲ್ಲ, ವಯಸ್ಸಿಗೆ ಮತ್ತು ಅಂದಕ್ಕೆ. "ಇದು ಎಷ್ಟು ವರ್ಷದ್ದು?" ಎಂದು ಕೊಳ್ಳುವವರು ಕೇಳುತ್ತಾರೆ. "ಆಗೇನ ಭಾಳ ವರ್ಷ ಆತು" ಅಂದರೆ ಅವರು ಹೇಳಿದ್ದೇ ಬೆಲೆ. ಕಡ್ಡಿ ನೆಟ್ಟ ದಿನ, ಬೇರು ಕತ್ತರಿಸಿದ ದಿನ, ಮೊದಲ ಹೂ ಬಿಟ್ಟ ದಿನ ಪುಸ್ತಕದಲ್ಲಿದ್ದರೆ ಬೆಲೆ ನಾವು ಹೇಳಬಹುದು. ಮಾರದೆ ಇಟ್ಟುಕೊಂಡರೂ ಆಯಿತು. ಹಿತ್ತಲಿಲ್ಲದ ಮನೆಯಲ್ಲೂ ನಮ್ಮದು ಅಂತ ಒಂದು ಮರ ಐತಿ.

ಮಾತಾಡೋಣ
1. ಬಂಡೆಯ ಗಿಡಕ್ಕೂ ಕುಂಡದ ಗಿಡಕ್ಕೂ ಏನು ವ್ಯತ್ಯಾಸ?
2. ಪೀಚ್ ಗಿಡ ನಮ್ಮ ಊರಿಗೆ ಏಕೆ ಒಗ್ಗುವುದಿಲ್ಲ?
3. ನಿಮ್ಮ ಓಣಿಯಲ್ಲಿ ಗುಳೆ ಹೋದವರ ಗಿಡಕ್ಕೆ ಯಾರು ನೀರು ಹಾಕುತ್ತಾರೆ?

ಬರೆಯಿರಿ
ನನ್ನ ಹೆಸರು: ..........
ನನ್ನ ಗಿಡದ ಹೆಸರು: ..........
ಕಡ್ಡಿ ನೆಟ್ಟ ದಿನ: ..........