ಕುಡಿಯುವ ಬಾಟಲಿಯಲ್ಲಿ ಕುಡಿಯಬಾರದ ವಸ್ತು

ಬಳಸಬಹುದಾದ ವಸ್ತುವನ್ನು ಬಿಸಾಡದಿರುವುದು ನಮ್ಮ ಮನೆಗಳ ಹಳೆಯ ರೂಢಿ. ತಂಪು ಪಾನೀಯದ ಬಾಟಲಿ ಬರಿದಾದರೆ ಅದನ್ನು ತೊಳೆದಿಟ್ಟು, ಸೀಮೆಎಣ್ಣೆಯನ್ನೋ ಫಿನಾಯಿಲನ್ನೋ ಹೊಲಕ್ಕೆ ಸಿಂಪಡಿಸಿ ಉಳಿದ ಔಷಧಿಯನ್ನೋ ತುಂಬಿಡುತ್ತೇವೆ. ಮಿತವ್ಯಯ ಒಳ್ಳೆಯ ಗುಣವೇ ಸರಿ. ಆದರೆ ಇದೊಂದು ವಿಷಯದಲ್ಲಿ ಅದು ಮಗುವಿನ ಪ್ರಾಣಕ್ಕೇ ಎರವಾಗಬಲ್ಲದು. ಎಳೆಯ ಮಗುವಿಗೆ ಓದಲು ಬಾರದು. ಬಾಟಲಿಯ ಆಕಾರವನ್ನೂ ದ್ರವದ ಬಣ್ಣವನ್ನೂ ಕಂಡು ಅದು ಕುಡಿಯುವ ವಸ್ತುವೆಂದೇ ತಿಳಿಯುತ್ತದೆ.

ದೇಹದಲ್ಲಿ ಆಗುವುದೇನು?

ಸೀಮೆಎಣ್ಣೆ ಬಹಳ ತೆಳುವಾದ ದ್ರವ. ನುಂಗುವಾಗ ಅದು ಸುಲಭವಾಗಿ ಶ್ವಾಸನಾಳಕ್ಕೆ ಜಾರಿ ಶ್ವಾಸಕೋಶದಲ್ಲಿ ಉರಿಯೂತವನ್ನುಂಟುಮಾಡುತ್ತದೆ. ಕೆಮ್ಮು, ಏದುಸಿರು, ಜ್ವರ ಕೆಲವು ಗಂಟೆಗಳ ಅನಂತರವೂ ಕಾಣಿಸಿಕೊಳ್ಳಬಹುದು. ಶೌಚಾಲಯ ತೊಳೆಯುವ ಆಮ್ಲ ಅನ್ನನಾಳವನ್ನು ಸುಡುತ್ತದೆ. ಗಾಯ ಮಾಯ್ದ ಮೇಲೂ ನಾಳ ಕಿರಿದಾಗಿ ಊಟ ನುಂಗುವುದು ಕಷ್ಟವಾಗಬಹುದು. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳಿಂದ ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರಾಟದ ತೊಂದರೆ ಉಂಟಾಗುತ್ತವೆ. ಇವು ಚರ್ಮದ ಮೂಲಕವೂ ಒಳಸೇರುತ್ತವೆ. ಹಳದಿ ರಂಜಕವಿರುವ ಇಲಿಪಾಷಾಣ ತಿಂದವರು ಒಂದೆರಡು ದಿನ ಆರೋಗ್ಯವಾಗಿಯೇ ಕಂಡು, ಆಮೇಲೆ ಯಕೃತ್ತು ಕೆಟ್ಟು ಅಪಾಯಕ್ಕೀಡಾಗುವುದುಂಟು. ಆದುದರಿಂದ "ಮಗು ಆಡುತ್ತಿದೆ, ಏನೂ ಆಗಿಲ್ಲ" ಎಂದು ಕಾಯುತ್ತ ಕೂರಲಾಗದು.

ಮಾಡಬಾರದ ಉಪಚಾರ

ಇಂಥ ಹೊತ್ತಿನಲ್ಲಿ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ಇದರ ಹಿಂದಿರುವುದು ಅಕ್ಕರೆಯೇ, ಆದರೆ ಫಲ ಕೇಡು. ವಾಂತಿಯಾದಾಗ ಆಮ್ಲ ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ. ಸೀಮೆಎಣ್ಣೆ ಮತ್ತಷ್ಟು ಶ್ವಾಸಕೋಶಕ್ಕೆ ಸೇರುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗಂತೂ ಏನನ್ನೂ ಹಾಕಕೂಡದು.

ಮಾಡಬೇಕಾದುದು

ವಿಷ ತಗುಲಿದ ಬಟ್ಟೆಯನ್ನು ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆಯಬೇಕು. ತೊಳೆಯುವವರು ಕೈಗವಸು ಧರಿಸಬೇಕು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷವಾದರೂ ಶುದ್ಧ ನೀರು ಹರಿಸಬೇಕು. ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಜೊತೆಗೆ ಆ ಡಬ್ಬಿಯನ್ನೂ ಮರೆಯದೆ ಒಯ್ಯಬೇಕು. ಒಂದೊಂದು ವಿಷಕ್ಕೆ ಒಂದೊಂದು ಚಿಕಿತ್ಸೆ. ಯಾವುದೆಂಬುದನ್ನು ವೈದ್ಯರಿಗೆ ತಿಳಿಸುವುದು ಡಬ್ಬಿಯ ಮೇಲಿನ ಚೀಟಿ. ಔಷಧಿಯನ್ನು ಬೇರೆ ಬಾಟಲಿಗೆ ಸುರಿದ ದಿನವೇ ನಾವು ಆ ಚೀಟಿಯನ್ನೂ ಕಳೆದುಕೊಂಡಿರುತ್ತೇವೆ.

ಕೀಟನಾಶಕದ ಡಬ್ಬಿಗಳ ಮೇಲೆ ಬಣ್ಣದ ಗುರುತೊಂದಿರುತ್ತದೆ. ಕೆಂಪು ಅತ್ಯಂತ ವಿಷಕಾರಿ. ಅನಂತರದವು ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯವೆಂದಲ್ಲ, ವಿಷ ಕಡಿಮೆಯೆಂದಷ್ಟೇ.

ಈ ತಿಂಗಳು ನಾವು ಮಾಡಬಹುದಾದ ಕೆಲಸ ಚಿಕ್ಕದು. ಅಡುಗೆಮನೆಯ ಮೂಲೆ, ಬಚ್ಚಲಿನ ಗೂಡು, ದನದ ಕೊಟ್ಟಿಗೆಯ ಅಟ್ಟ ಇವನ್ನೊಮ್ಮೆ ನೋಡೋಣ. ವಿಷವಸ್ತುಗಳನ್ನು ಮೂಲ ಡಬ್ಬಿಯಲ್ಲಿಯೇ, ಆಹಾರದಿಂದ ದೂರ, ಬೀಗ ಹಾಕಿದ ಎತ್ತರದ ಜಾಗದಲ್ಲಿ ಇಡೋಣ. ಬರಿದಾದ ಕೀಟನಾಶಕದ ಡಬ್ಬಿಯನ್ನು ನೀರಿಗಾಗಲಿ ಕಾಳಿಗಾಗಲಿ ಬಳಸದಿರೋಣ. ಮಗುವಿಗೆ ತಿಳಿವಳಿಕೆ ಬರುವವರೆಗೆ ಅದರ ಪರವಾಗಿ ಎಚ್ಚರವಾಗಿರಬೇಕಾದವರು ನಾವೇ.