ಕಾರ್ಡಿನ ಸಾಲ ತೀರದಿದ್ದರೆ ಕಾನೂನು ಏನು ಮಾಡುತ್ತದೆ?



ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟಲಾರದೆ ಕಷ್ಟಪಡುವವರು ನಮ್ಮಲ್ಲಿ ಅನೇಕರು. ಕೆಲವರು ಜೈಲಿನ ಭಯದಿಂದ ಖೋಲಿ ಬದಲಿಸಿ, ಫೋನಿನ ನಂಬರು ಬದಲಿಸಿ ತಲೆ ಮರೆಸಿಕೊಳ್ಳುತ್ತಾರೆ. ಇನ್ನು ಕೆಲವರು ‘ಒತ್ತೆ ಇಟ್ಟಿಲ್ಲ, ಜಾಮೀನು ಕೊಟ್ಟಿಲ್ಲ, ಬ್ಯಾಂಕು ಮಾಡುವುದೇನು?’ ಎಂದು ಸುಮ್ಮನಿರುತ್ತಾರೆ. ಈ ಭಯವೂ ಸಲ್ಲದು, ಈ ಧೈರ್ಯವೂ ಸಲ್ಲದು. ಕಾನೂನು ಇರುವಂತೆ ತಿಳಿದುಕೊಳ್ಳುವುದೇ ಮೇಲು.

ಬಾಕಿ ಬೆಳೆಯುವ ಬಗೆ

ಮೊದಲು ಲೆಕ್ಕ ನೋಡೋಣ. 40,000 ರೂಪಾಯಿ ಬಾಕಿಯಿದೆ, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ 1,400, ಅದರ ಮೇಲೆ ಶೇಕಡಾ 18ರ ತೆರಿಗೆ 252, ಒಟ್ಟು 1,652. ‘ಕನಿಷ್ಠ ಮೊತ್ತ’ವೆಂದು ನೀವು 2,000 ಕಟ್ಟಿದರೆ ಅಸಲಿಗೆ ಸಲ್ಲುವುದು 348 ಮಾತ್ರ. ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು ಆ ಆಜ್ಞೆಯನ್ನು 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಆದುದರಿಂದ ಆ ಹಳೆಯ ತೀರ್ಪನ್ನು ಈಗ ನೆಚ್ಚಿಕೊಳ್ಳುವಂತಿಲ್ಲ.

ಜೈಲಿನ ಮಾತು

ಸಾಲ ತೀರಿಸಲಾಗದಿರುವುದು ಅಪರಾಧವಲ್ಲ. ಅದು ಸಿವಿಲ್ ವ್ಯಾಜ್ಯ. ಹಿಂದೆ ಹೀಗಿರಲಿಲ್ಲ. ಸಾಲಕ್ಕಾಗಿ ಕಾರ್ಮಿಕರನ್ನು ಸೆರೆಗೆ ಕಳಿಸುವುದು, ಲೇವಾದೇವಿಯವರು ಕಾರ್ಖಾನೆಗಳ ಬಾಗಿಲಲ್ಲಿ ಕಾದು ನಿಂತು ಅವರನ್ನು ಕಾಡುವುದು, ಇವೆರಡನ್ನೂ ತಡೆಯಬೇಕೆಂದು 1931ರಲ್ಲಿ ರಾಯಲ್ ಲೇಬರ್ ಕಮಿಷನ್ ವರದಿಯಿತ್ತಿತು. 1936ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿಯಾಗಿ, ನಿಜವಾಗಿ ಕೈಲಾಗದ ಸಾಲಗಾರನಿಗೆ ರಕ್ಷಣೆ ದೊರೆಯಿತು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಡತನದಿಂದ ಕೊಡಲಾರದವನನ್ನು ಜೈಲಿಗೆ ಹಾಕಕೂಡದೆಂದು ಸ್ಪಷ್ಟಪಡಿಸಿತು. ಡಿಕ್ರಿಯಾದ ಮೇಲೆ, ಹಣವಿದ್ದೂ ದುರುದ್ದೇಶದಿಂದ ಕೊಡದವನಿಗೆ ಮಾತ್ರ ಸಿವಿಲ್ ಸೆರೆ ಉಂಟು. ಅದೂ ಹೆಚ್ಚೆಂದರೆ ಮೂರು ತಿಂಗಳು. ಹೆಂಗಸರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ.

ಆದರೆ ಎರಡು ಕಡೆ ಎಚ್ಚರ ಬೇಕು. ಸುಳ್ಳು ಪಗಾರ ಚೀಟಿ, ಸುಳ್ಳು ದಾಖಲೆ ತೋರಿಸಿ ಕಾರ್ಡು ಪಡೆದಿದ್ದರೆ ಅದು ವಂಚನೆಯ ಅಪರಾಧವಾದೀತು. ಇನ್ನು, ಬಾಕಿಗೆಂದು ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾದರೆ 138ನೆಯ ಕಲಮಿನಂತೆ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು. ನೋಟೀಸು ಕೈಸೇರಿದ 15 ದಿನಗಳೊಳಗೆ ಆ ಹಣ ಕಟ್ಟಿದರೆ ಮೊಕದ್ದಮೆ ತಪ್ಪುತ್ತದೆ. ಆದ್ದರಿಂದ ಖಾತೆಯಲ್ಲಿ ಹಣವಿಲ್ಲದೆ, ವಸೂಲಿಯವರ ಒತ್ತಾಯಕ್ಕೆ ಚೆಕ್ಕಿಗೆ ಸಹಿ ಹಾಕಬೇಡಿ. ಸಿವಿಲ್ ಸಾಲವನ್ನು ಫೌಜುದಾರಿ ಮಾಡಿಕೊಳ್ಳುವುದು ಹೀಗೆಯೇ.

ಸಮನ್ಸನ್ನು ತಿರುಗಿಸಬೇಡಿ

ಬ್ಯಾಂಕು ದಾವೆ ಹೂಡಬಹುದು, ಅಥವಾ ಕರಾರಿನಲ್ಲಿದ್ದರೆ ಪಂಚಾಯ್ತಿದಾರನ ಮುಂದೆ ಹೋಗಬಹುದು. ಪರೇಲಿನ ಚಾಳಿನಿಂದ ಡೊಂಬಿವಲಿಗೋ ನಾಲಾಸೋಪಾರಕ್ಕೋ ಹೋದವರು ವಿಳಾಸ ತಿಳಿಸದಿದ್ದರೆ ನೋಟೀಸು ಹಳೆಯ ಖೋಲಿಗೇ ಹೋಗುತ್ತದೆ. ಕೋರ್ಟಿನ ಅಪ್ಪಣೆಯಾದರೆ ಬಾಗಿಲಿಗೆ ಅಂಟಿಸಿದರೂ ಮುಟ್ಟಿತೆಂದೇ ಲೆಕ್ಕ. ಹಾಜರಾಗದವನ ಮೇಲೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ತಪ್ಪು ಬಡ್ಡಿ, ತಪ್ಪು ಲೆಕ್ಕ ಇದ್ದರೂ ಕೇಳುವವರಿಲ್ಲ. ಸಾಮಾನ್ಯ ದಾವೆಯಲ್ಲಿ ಉತ್ತರ ಸಲ್ಲಿಸಲು 30 ದಿನ. ಸಂಕ್ಷಿಪ್ತ ದಾವೆಯಲ್ಲಿ ಹಾಜರಿ ಕೊಡಲು 10 ದಿನ ಮಾತ್ರ. ಕಾಗದ ಬಂದ ದಿನವೇ ತಾರೀಖು ಬರೆದಿಟ್ಟು ವಕೀಲರನ್ನು ಕಾಣಬೇಕು.

ಏನು ಜಪ್ತಿಯಾಗುತ್ತದೆ, ಏನು ಇಲ್ಲ

ಡಿಕ್ರಿಯಿಲ್ಲದೆ ವಸೂಲಿಯವನು ಮನೆಯ ಒಂದು ಲೋಟವನ್ನೂ ಎತ್ತುವಂತಿಲ್ಲ. ಡಿಕ್ರಿಯಾದ ಮೇಲೂ ತೊಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬಿನ ಹತ್ಯಾರು, ಧರ್ಮದ ರೂಢಿಯಂತೆ ಹೆಂಗಸು ತೆಗೆಯಬಾರದ ಒಡವೆ, ಇವನ್ನು ಸಂಹಿತೆಯ 60ನೆಯ ಕಲಮು ಕಾಯುತ್ತದೆ. ಕೂಲಿಕಾರರ ಮತ್ತು ಮನೆಗೆಲಸದವರ ಮಜೂರಿಯನ್ನು ಮುಟ್ಟುವಂತಿಲ್ಲ. ಪ್ರಾವಿಡೆಂಟ್ ಫಂಡಿಗೂ ಗ್ರಾಚ್ಯುಯಿಟಿಗೂ ಕಾನೂನಿನ ರಕ್ಷಣೆಯಿದೆ.

ಗುಮಾಸ್ತರ ಪಗಾರದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲು ಸುರಕ್ಷಿತ. 25,000 ಪಗಾರವಿದ್ದರೆ ಹೆಚ್ಚೆಂದರೆ 8,000 ಜಪ್ತಿಯಾದೀತು. ಒಂದೇ ಡಿಕ್ರಿಗಾಗಿ 24 ತಿಂಗಳಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಬ್ಯಾಂಕಿನಲ್ಲಿಟ್ಟ ಉಳಿತಾಯ ಮಾತ್ರ ಜಪ್ತಿಗೆ ಸಿಗುತ್ತದೆ. ಕಾರ್ಡು ಕೊಟ್ಟ ಬ್ಯಾಂಕಿನಲ್ಲೇ ಪಗಾರದ ಖಾತೆಯಿದ್ದರೆ, ಕರಾರಿನ ಮೇರೆಗೆ ಅಲ್ಲಿಂದಲೇ ಬಾಕಿ ಹಿಡಿದುಕೊಳ್ಳುವುದೂ ಉಂಟು.

ಊರಿನಲ್ಲಿರುವ ತಂದೆತಾಯಿ, ಅಣ್ಣತಮ್ಮಂದಿರು ಜಾಮೀನು ನಿಲ್ಲದಿದ್ದರೆ ಸಾಲಕ್ಕೆ ಹೊಣೆಯಲ್ಲ. ಸಾಲಗಾರ ತೀರಿಕೊಂಡರೆ, ವಾರಸುದಾರರ ಹೊಣೆ ಅವನು ಬಿಟ್ಟುಹೋದ ಆಸ್ತಿಯಷ್ಟಕ್ಕೆ ಮಾತ್ರ.

ವಸೂಲಿಯವರ ಕಾಟ

ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಫೋನು ಮಾಡಬಾರದೆಂದೂ, ಬೆದರಿಕೆ, ನೆಂಟರಿಷ್ಟರ ಮುಂದೆ ಅವಮಾನ ಕೂಡದೆಂದೂ 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಆಜ್ಞಾಪಿಸಿತು. ಮೊಬೈಲಿಗೆ ಬರುವ ‘ಅರೆಸ್ಟ್ ವಾರಂಟ್’ ಚಿತ್ರಗಳಿಗೆ ಬೆದರಬೇಡಿ. ವಸೂಲಿಯವನು ವಾರಂಟ್ ಹೊರಡಿಸಲಾರ. ಕರೆಯ ದಿನ, ವೇಳೆ, ಮಾತು ಬರೆದಿಟ್ಟುಕೊಂಡು ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಖರ್ಚಿಲ್ಲದೆ ದೂರು ಸಲ್ಲಿಸಬಹುದು. ಕೈಮೀರಿ ನಡೆದರೆ ಪೋಲೀಸ್ ಠಾಣೆ ಇದ್ದೇ ಇದೆ.

ಮುದ್ದತು ಮತ್ತು ರಾಜಿ

1963ರ ಮುದ್ದತು ಕಾಯಿದೆಯಂತೆ ಬ್ಯಾಂಕು ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಆದರೆ ಅಷ್ಟರೊಳಗೆ ನೀವು ಸಾಲ ಒಪ್ಪಿ ಸಹಿ ಮಾಡಿದರೆ, ಅಥವಾ ಭಾಗಶಃ ಹಣ ಕಟ್ಟಿದರೆ, ಮೂರು ವರ್ಷ ಮತ್ತೆ ಮೊದಲಿನಿಂದ ಎಣಿಸಲ್ಪಡುತ್ತದೆ. ಮುದ್ದತು ಮೀರಿದರೂ ಸಿಬಿಲ್ ಮುಂತಾದ ಸಂಸ್ಥೆಗಳ ದಾಖಲೆಯಲ್ಲಿ ಕಪ್ಪು ಗುರುತು ಉಳಿದಿದ್ದೀತು. ಮುಂದೆ ಮನೆ ಸಾಲ ಕೇಳುವಾಗ ಅದು ಅಡ್ಡ ಬರುತ್ತದೆ. ಹಾಗಾಗಿ ಮುದ್ದತಿಗೆ ಕಾದು ಕೂರುವುದಕ್ಕಿಂತ ರಾಜಿಯೇ ಲೇಸು.

ರಾಜಿಯ ಮೊತ್ತವನ್ನು ಬ್ಯಾಂಕಿನ ಪತ್ರದಲ್ಲಿ ಬರೆಯಿಸಿಕೊಂಡ ನಂತರವೇ ಹಣ ಕಟ್ಟಬೇಕು. ವಸೂಲಿಯವನ ಕೈಗೆ ಕೊಡದೆ ಬ್ಯಾಂಕಿಗೇ ಕಟ್ಟಿ, ‘ಬಾಕಿಯಿಲ್ಲ’ ಎಂಬ ಪತ್ರ ಪಡೆಯಬೇಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟು ಫೀ ಇಲ್ಲ. ಆ ತೀರ್ಮಾನ ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲೂ ಇಲ್ಲ. ಆದುದರಿಂದ ಕಟ್ಟಲಾಗುವಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ.

1987ರ ಕಾನೂನು ಸೇವಾ ಕಾಯಿದೆಯಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಉಚಿತ ವಕೀಲರ ನೆರವು ದೊರೆಯುತ್ತದೆ. ಮುಂಬಯಿ, ಉಪನಗರ, ಠಾಣೆ ಜಿಲ್ಲೆಗಳ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ವಿಚಾರಿಸಬಹುದು, ಫೋನು 15100.

ಸಾಲ ಶೂಲವೆಂಬ ಗಾದೆ ಸುಳ್ಳಲ್ಲ. ಆದರೂ ಅದಕ್ಕೆ ಹೆದರಿ ಊರು ಬಿಡಬೇಕಾಗಿಲ್ಲ, ಜೀವ ಬಿಡಬೇಕಾಗಿಲ್ಲ. ಬಂದ ಕಾಗದವನ್ನು ಒಡೆದು ಓದಿ. ಇಂಗ್ಲಿಷು ತಿಳಿಯದಿದ್ದರೆ ವಾಚನಾಲಯಕ್ಕೆ ತನ್ನಿ, ಕೂಡಿ ಓದೋಣ.