ಅದುರುವ ಅಂಬಾಸಿಡರ್: ಕಾರಣ ಹಿಡಿಯಲು 9 ಸೂತ್ರಗಳು

ತಾತನ ಅಂಬಾಸಿಡರ್ ನಿಮ್ಮ ಪಾಲಿಗೆ ಬಂದಿದೆ. ಪೇಂಟ್ ಆಯ್ತು, ಸೀಟ್ ಕವರ್ ಆಯ್ತು, ಇನ್‌ಸ್ಟಾಗ್ರಾಮ್‌ಗೆ ಫೋಟೊ ಕೂಡ ಹೋಯ್ತು. ಆದರೆ ಅರವತ್ತರ ಹತ್ತಿರ ಹೋದರೆ ಸಾಕು, ಗಾಡಿ ಅದುರುತ್ತದೆ. "ಹಳೇ ಗಾಡಿ ಸಾರ್, ಇಷ್ಟೇ" ಅಂತ ಯಾರೋ ಹೇಳಿದರು, ನೀವೂ ತಲೆಯಾಡಿಸಿದಿರಿ. ಆ ಅಭ್ಯಾಸ ಇವತ್ತೇ ಬಿಡಿ. ಇದೇ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರನ್ನೂ ಓಡಿಸಿದೆ. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆ 2014ರವರೆಗೂ ಅಂಬಾಸಿಡರ್ ತಯಾರಿಸಿದೆ. ಅದುರು ಈ ಕಾರಿನ ಹಣೆಬರಹವಲ್ಲ. ಅದಕ್ಕೊಂದು ಕಾರಣ ಇದೆ, ಕಾರಣಕ್ಕೊಂದು ಜಾಗ ಇದೆ. ನೀವು ಐಟಿಐ ವಿದ್ಯಾರ್ಥಿಯಾಗಿರಿ, ಕೋಡ್ ಬರೆಯುವ ಉದ್ಯೋಗಿಯಾಗಿರಿ, ಆ ಜಾಗ ಹುಡುಕುವುದು ನಿಮ್ಮ ಕೈಲಾಗುವ ಕೆಲಸ.

1. ಪಾರ್ಟ್ ಕೊಳ್ಳುವ ಮೊದಲು ಪ್ರಶ್ನೆ ಕೇಳಿ

ಬಿಡಿಭಾಗ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡಬೇಡಿ. ಮೊದಲು ನೋಟ್‌ಬುಕ್ ತೆಗೆಯಿರಿ. ಮೂರೇ ಪ್ರಶ್ನೆ. ಅದುರು ಎಂಜಿನ್ ವೇಗದ ಜೊತೆ ಬರುತ್ತದಾ? ರಸ್ತೆಯ ವೇಗದ ಜೊತೆ ಬರುತ್ತದಾ? ಆಕ್ಸಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇರುತ್ತದಾ? ಎಲ್ಲಿ ಗೊತ್ತಾಗುತ್ತದೆ ಅನ್ನುವುದನ್ನೂ ಬರೆಯಿರಿ: ಸ್ಟೇರಿಂಗ್‌ನಲ್ಲೋ, ಸೀಟಿನಲ್ಲೋ, ನೆಲದಲ್ಲೋ, ಗೇರ್ ಲಿವರ್‌ನಲ್ಲೋ. "ತುಂಬಾ ವೈಬ್ರೇಶನ್" ಅನ್ನುವುದು ದೂರು. "55ರಿಂದ 65ರ ಮಧ್ಯೆ, ಸೀಟಿನ ಕೆಳಗೆ, ಯಾವ ಗೇರಿನಲ್ಲಾದರೂ" ಅನ್ನುವುದು ಮಾಹಿತಿ. ಮೆಕ್ಯಾನಿಕ್‌ಗೆ ಮಾಹಿತಿ ಕೊಡಿ.

2. ನ್ಯೂಟ್ರಲ್ ಟೆಸ್ಟ್ ಮಾಡಿ

ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ. ಬೆಳಗಿನ ಜಾವ, ಖಾಲಿಯಾದ ಸಮತಟ್ಟು ರಸ್ತೆ ಆರಿಸಿ. ಅದುರು ಬರುವ ವೇಗಕ್ಕಿಂತ ಸ್ವಲ್ಪ ಮೇಲೆ ಹೋಗಿ. ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತನ್ನಿ, ಎಂಜಿನ್ ಐಡಲ್‌ಗೆ ಇಳಿಯಲಿ. ಕೀ ಮಾತ್ರ ಆಫ್ ಮಾಡಬೇಡಿ. ಅದುರು ಹಾಗೇ ಉಳಿದರೆ ಟೈರ್, ಡ್ರಮ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ಕಡೆ ನೋಡಿ. ಥಟ್ಟನೆ ಮಾಯವಾದರೆ ಎಂಜಿನ್, ಕ್ಲಚ್, ಮೌಂಟಿಂಗ್ ಕಡೆ ನೋಡಿ.

ಇಲ್ಲೊಂದು ಎಚ್ಚರಿಕೆ. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟ್‌ನ (ಯುಜೆ) ಸವೆದ ಕ್ರಾಸ್ ಕೆಲವೊಮ್ಮೆ ಎಂಜಿನ್ ಎಳೆಯುವಾಗ ಮಾತ್ರ ಕಾಟ ಕೊಡುತ್ತದೆ, ನ್ಯೂಟ್ರಲ್‌ನಲ್ಲಿ ಸುಮ್ಮನಾಗುತ್ತದೆ. ಆದ್ದರಿಂದ ಈ ಒಂದೇ ಟೆಸ್ಟ್ ನಂಬಿ ಎಂಜಿನ್ ಇಳಿಸಬೇಡಿ. ಅದೇ 60ರ ವೇಗದಲ್ಲಿ ನಾಲ್ಕನೇ ಗೇರು, ಮೂರನೇ ಗೇರು ಎರಡರಲ್ಲೂ ಓಡಿಸಿ. ಮೂರನೇ ಗೇರಿನಲ್ಲಿ ಎಂಜಿನ್ ಸುಮಾರು ಒಂದೂವರೆ ಪಟ್ಟು ಜೋರಾಗಿ ತಿರುಗುತ್ತದೆ, ಶಾಫ್ಟ್ ಮಾತ್ರ ಅಷ್ಟೇ ತಿರುಗುತ್ತದೆ. ಗೇರ್ ಬದಲಾದರೂ ಅದುರಿನ ಲಯ ಬದಲಾಗದಿದ್ದರೆ ಎಂಜಿನ್ ನಿರಪರಾಧಿ.

3. ಲೆಕ್ಕ ಹಾಕಿ

ತಿರುಗುವ ಪ್ರತಿ ಭಾಗಕ್ಕೂ ತನ್ನದೇ ಲಯ ಇದೆ. ಲಯ ಗೊತ್ತಾದರೆ ಭಾಗದ ಹೆಸರು ಗೊತ್ತಾದಂತೆಯೇ. ಈ ಲೆಕ್ಕಕ್ಕೆ ಎಸ್ಸೆಸ್ಸೆಲ್ಸಿ ಗಣಿತ ಸಾಕು.

ಗಂಟೆಗೆ 60 ಕಿ.ಮೀ. ಅಂದರೆ ನಿಮಿಷಕ್ಕೆ 1000 ಮೀಟರ್. ಅಂಬಾಸಿಡರ್ ಟೈರ್ ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ. ಅಲ್ಲಿಗೆ ನಿಮಿಷಕ್ಕೆ 500 ಸುತ್ತು, ಸೆಕೆಂಡಿಗೆ ಎಂಟು ಚಿಲ್ಲರೆ. ಆಕ್ಸಲ್ ರೇಷಿಯೊ 4.5 ಅಂತ ಇಟ್ಟುಕೊಳ್ಳಿ (ನಿಮ್ಮ ಮಾಡೆಲ್‌ನ ಸರಿಯಾದ ಸಂಖ್ಯೆ ಮ್ಯಾನುಯಲ್‌ನಲ್ಲಿದೆ). ಪ್ರೊಪೆಲ್ಲರ್ ಶಾಫ್ಟ್ 2250 ಆರ್‌ಪಿಎಂ ಆಯಿತು, ಅಂದರೆ ಸೆಕೆಂಡಿಗೆ 37 ಸುತ್ತಿನ ಮೇಲೆ. ನಾಲ್ಕು ಗೇರಿನ ಗಾಡಿಯ ಟಾಪ್ ಗೇರ್ ನೇರ ಜೋಡಣೆ, ಹಾಗಾಗಿ ಅಲ್ಲಿ ಎಂಜಿನ್ನೂ ಅದೇ 2250.

ಸೆಕೆಂಡಿಗೆ ಎಂಟರಂತೆ ಬರುವ ದಪ್ಪ ಕುಲುಕಾಟ ಚಕ್ರದ್ದು. 37ರ ಹತ್ತಿರದ ಗುಂಯ್‌ಗುಡುವ ನಡುಕ ಶಾಫ್ಟ್ ಬ್ಯಾಲೆನ್ಸ್‌ನದು. ಯುಜೆ ಕೋನದ ತೊಂದರೆ ಅದರ ಎರಡು ಪಟ್ಟು, 75ರ ಸುತ್ತ. ಫೋನ್‌ನಲ್ಲಿ ವೈಬ್ರೇಶನ್ ಆ್ಯಪ್ ಹಾಕಿಕೊಳ್ಳಿ, ಫೋನನ್ನು ಮೆತ್ತನೆ ಸೀಟಿನ ಮೇಲಿಡದೆ ನೆಲದ ಲೋಹಕ್ಕೆ ಒತ್ತಿ ಹಿಡಿಯಲು ಪಕ್ಕದಲ್ಲಿರುವವರಿಗೆ ಹೇಳಿ. ಒಂದು ಮಿತಿ ನೆನಪಿಡಿ: ಸೆಕೆಂಡಿಗೆ 100 ಸಲ ಅಳೆಯುವ ಫೋನ್ 50 ಹರ್ಟ್ಸ್ ಮೇಲಿನದ್ದನ್ನು ಸರಿಯಾಗಿ ತೋರಿಸುವುದಿಲ್ಲ. 75ರ ನಡುಕವನ್ನು ಅದು 25 ಅಂತ ಸುಳ್ಳು ಹೇಳಬಹುದು.

4. ಎಂಜಿನ್ನಿಗೆ ಮೊದಲು ಅಗ್ಗದ ಪರೀಕ್ಷೆ

ಐಡಲ್‌ನಲ್ಲೇ ಗಾಡಿ ಕುಲುಕುತ್ತದೆಯೇ? ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಶಂಕಿಸಿ. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ, ಆದ್ದರಿಂದ 700 ಆರ್‌ಪಿಎಂನಲ್ಲಿ ಮಿಸ್ ಆದ ಸಿಲಿಂಡರ್ ಸೆಕೆಂಡಿಗೆ ಸುಮಾರು ಆರು ಸಲ ಗಾಡಿಯನ್ನು ಕುಲುಕುತ್ತದೆ. ಇನ್ಸುಲೇಟೆಡ್ ಕಟಿಂಗ್ ಪ್ಲೇಯರ್ ಹಿಡಿದು ಒಂದೊಂದೇ ಪ್ಲಗ್ ವೈರ್ ತೆಗೆದು, ಅದರ ತುದಿಯನ್ನು ಅರ್ತ್ ಮಾಡಿ. ಯಾವುದನ್ನು ತೆಗೆದರೂ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ಪ್ಲಗ್, ವೈರ್, ಪಾಯಿಂಟ್ ಗ್ಯಾಪ್ (0.35ರಿಂದ 0.40 ಮಿ.ಮೀ.), ಟ್ಯಾಪೆಟ್, ಕಂಪ್ರೆಶನ್ — ಈ ಕ್ರಮದಲ್ಲೇ ಹೋಗಿ. ಫೈರಿಂಗ್ ಆರ್ಡರ್ 1-3-4-2. ಇದನ್ನು ಬಾಯಿಪಾಠ ಮಾಡಿ. ಕಾರ್ಬುರೇಟರ್ ಬಿಚ್ಚುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ, ತಡೆದುಕೊಳ್ಳಿ.

5. ನಿಂತಲ್ಲೇ ರೇಸ್ ಮಾಡಿ, ಕ್ಲಚ್ ಒತ್ತಿ

ಗಾಡಿ ನಿಲ್ಲಿಸಿ, ಅದುರು ಬರುವ ಆರ್‌ಪಿಎಂಗೆ ರೇಸ್ ಕೊಡಿ. ಬಂತಾ? ಈಗ ಕ್ಲಚ್ ಪೆಡಲ್ ಒತ್ತಿ. ಅದುರು ಬದಲಾದರೆ ಕ್ಲಚ್ ಪ್ಲೇಟ್, ಗೇರ್ ಬಾಕ್ಸ್ ಕಡೆ ಅನುಮಾನ ಇಡಿ, ಯಾಕೆಂದರೆ ಪೆಡಲ್ ಒತ್ತಿದಾಗ ಅವೆರಡಕ್ಕೂ ಎಂಜಿನ್ನಿನ ಸಂಬಂಧ ಕಡಿಯುತ್ತದೆ. ಬದಲಾಗದಿದ್ದರೆ ಎಂಜಿನ್ ಜೊತೆಗೇ ತಿರುಗುವ ಫ್ಲೈವೀಲ್, ಪ್ರೆಶರ್ ಪ್ಲೇಟ್, ಫ್ಯಾನ್ ನೋಡಿ. ಎಂಜಿನ್ ಆಫ್ ಮಾಡಿ ಫ್ಯಾನ್ ಬೆಲ್ಟ್ ಕಳಚಿ, ಒಂದೇ ನಿಮಿಷ ಓಡಿಸಿ. ಅದುರು ಹೋದರೆ ಫ್ಯಾನ್, ವಾಟರ್ ಪಂಪ್, ಡೈನಮೊ ಇವುಗಳಲ್ಲೊಂದು ಸಿಕ್ಕಿಬಿತ್ತು. ಒಂದು ಅಲಗು ಬಗ್ಗಿದ ಫ್ಯಾನ್ ಕೂಡ ಇಡೀ ಎಂಜಿನ್ನಿಗೆ ಕೆಟ್ಟ ಹೆಸರು ತರುತ್ತದೆ.

ಫಸ್ಟ್ ಗೇರಿನಲ್ಲಿ ಹೊರಡುವಾಗ ಮಾತ್ರ ನಡುಗುತ್ತದೆಯೇ? ಅದು ಬೇರೆ ಕಥೆ. ಈ ಎಂಜಿನ್ನಿನ ಕ್ರ್ಯಾಂಕ್ ಹಿಂಭಾಗದಲ್ಲಿ ಆಯಿಲ್ ತಡೆಯಲು ಈಗಿನಂಥ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ವಾಪಸ್ ತಳ್ಳುವ ಸ್ಕ್ರೂ ಮರೆಯಂಥ ತೋಡು ಮಾತ್ರ ಕೊರೆದಿರುತ್ತಾರೆ. ಸವೆದ ಎಂಜಿನ್ನಿನಲ್ಲಿ ಅಲ್ಲಿಂದ ಜಿನುಗಿದ ಆಯಿಲ್ ಕ್ಲಚ್ ಪ್ಲೇಟ್ ಸೇರುತ್ತದೆ, ಪ್ಲೇಟ್ ಹಿಡಿದು-ಬಿಟ್ಟು ನಡುಗುತ್ತದೆ.

6. ರಬ್ಬರ್‌ಗಳನ್ನು ನಂಬಬೇಡಿ

ನಾಲ್ಕು ಸಿಲಿಂಡರ್ ಸಾಲಾಗಿರುವ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ಸಣ್ಣ ನಡುಕ ಇದೆ. ಪಿಸ್ಟನ್‌ಗಳು ಸುತ್ತಿಗೆ ಎರಡು ಸಲ ಹುಟ್ಟಿಸುವ ಆ ಬಲವನ್ನು ರದ್ದು ಮಾಡಲು ಬ್ಯಾಲೆನ್ಸ್ ಶಾಫ್ಟ್ ಬೇಕು, ಇದರಲ್ಲಿ ಅದಿಲ್ಲ. ಅದನ್ನು ನುಂಗುವ ಕೆಲಸ ಮೌಂಟಿಂಗ್ ರಬ್ಬರ್‌ನದು. ಆಯಿಲ್ ಕುಡಿದು ಮೆತ್ತಗಾದ, ಇಲ್ಲವೇ ಒಣಗಿ ಕಲ್ಲಾದ ರಬ್ಬರ್ ಬದಲಾಯಿಸಿ. ತೀರಾ ಗಟ್ಟಿಯಾದ ಲೋಕಲ್ ರಬ್ಬರ್ ಹಾಕಿದರೆ ಹೊಸದಾದರೂ ಅದುರು ಹೆಚ್ಚುತ್ತದೆ, ಹುಷಾರು. ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಎಂಜಿನ್ ಐಡಲ್‌ನಲ್ಲಿ ಓಡಿ ತನ್ನ ಜಾಗಕ್ಕೆ ಕೂರಲಿ, ಆಮೇಲೆ ಬಿಗಿಮಾಡಿ. ಸೈಲೆನ್ಸರ್ ಪೈಪ್ ಎಲ್ಲಾದರೂ ಬಾಡಿಗೆ ತಾಗುತ್ತಿದೆಯಾ ಅಂತಲೂ ನೋಡಿ.

7. ಟೈರ್ ವಯಸ್ಸು ಓದಿ

ಟೈರ್ ಪಕ್ಕದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಗಾಡಿಯ ಟೈರ್ ನೆಲ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಬ್ಯಾಲೆನ್ಸಿಂಗ್ ಅದನ್ನು ದುಂಡಗೆ ಮಾಡುವುದಿಲ್ಲ. ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿ. ಅದುರು ಜಾಗ ಬದಲಿಸಿದರೆ ಉತ್ತರ ಸಿಕ್ಕಿತು.

8. ಪ್ರೊಪೆಲ್ಲರ್ ಶಾಫ್ಟ್‌ಗೆ ಪೂರ್ತಿ ಮಧ್ಯಾಹ್ನ ಕೊಡಿ

ಹೆಚ್ಚು ಜನ ಸೋಲುವುದು ಇಲ್ಲೇ, ನೀವು ಗೆಲ್ಲಬೇಕಾದದ್ದೂ ಇಲ್ಲೇ. ಜ್ಯಾಕ್ ಮಾತ್ರ ನಂಬಿ ಕೆಳಗೆ ನುಗ್ಗಬೇಡಿ. ಸ್ಟ್ಯಾಂಡ್ ಇಡಿ, ಮುಂದಿನ ಚಕ್ರಕ್ಕೆ ಅಡ್ಡ ಕೊಡಿ.

ಬಿಚ್ಚುವ ಮೊದಲು ಗುರುತು ಹಾಕಿ. ಪಿನಿಯನ್ ಫ್ಲಾಂಜ್ ಮತ್ತು ಶಾಫ್ಟ್ ಫ್ಲಾಂಜ್ ಮೇಲೆ ಒಂದೇ ಗೆರೆ, ಸ್ಲೈಡಿಂಗ್ ಜಾಯಿಂಟ್‌ನ ಎರಡೂ ಭಾಗದ ಮೇಲೆ ಒಂದೇ ಗೆರೆ. ಕಾರಣ ಇದು: ಕೋನದಲ್ಲಿ ತಿರುಗುವ ಯುಜೆ ಶಾಫ್ಟನ್ನು ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗಿಸುತ್ತದೆ. ಹಿಂದಿನ ಯುಜೆ ಅದೇ ಏರುಪೇರನ್ನು ತಿರುವುಮುರುವಾಗಿ ಮಾಡಿ ಸರಿದೂಗಿಸುತ್ತದೆ. ಅದಕ್ಕೆ ಶಾಫ್ಟಿನ ಎರಡು ತುದಿಯ ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು, ಎರಡೂ ಕೋನ ಸಮವಾಗಿರಬೇಕು. ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತರೂ ಸಾಕು, ಹೊಸ ಕ್ರಾಸ್ ಹಾಕಿಸಿದ ಗಾಡಿ ಹಳೆಯದಕ್ಕಿಂತ ಹೆಚ್ಚು ಅದುರುತ್ತದೆ.

ಶಾಫ್ಟ್ ಹಿಡಿದು ಅಲ್ಲಾಡಿಸಿ. ಯುಜೆ ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ನೀಡಲ್ ಬೇರಿಂಗ್ ಗ್ರೀಸ್ ಇಲ್ಲದೆ ಒಣಗಿದೆ. ಕ್ಲಚ್ ಬಿಟ್ಟಾಗ ಟಕ್ ಅನ್ನುವುದೂ ಅದೇ ಕಡೆಯ ಸೂಚನೆ. ಶಾಫ್ಟಿಗೆ ಅಂಟಿದ ಮಣ್ಣು ಕೆರೆದು ತೆಗೆಯಿರಿ. ಅಂಡರ್‌ಬಾಡಿ ಕೋಟಿಂಗ್ ಹೊಡೆಯುವವರು ಶಾಫ್ಟಿಗೂ ಬಳಿದಿದ್ದರೆ ಅದನ್ನೂ ತೆಗೆಯಿರಿ. ಬ್ಯಾಲೆನ್ಸ್ ತಪ್ಪಿದ ಭಾಗದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 40ರಲ್ಲಿ ಇದ್ದದ್ದು 80ರಲ್ಲಿ ನಾಲ್ಕು ಪಟ್ಟು. ಸಣ್ಣ ಹೆಂಟೆಯೂ ಲೆಕ್ಕಕ್ಕೆ ಬರುತ್ತದೆ.

ಇಷ್ಟಾದರೂ ಹೋಗದಿದ್ದರೆ ಹಿಂದಿನ ಫ್ಲಾಂಜ್‌ನ ನಾಲ್ಕು ಬೋಲ್ಟ್ ತೆಗೆದು ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಅದುರು ಕಡಿಮೆಯೋ ಹೆಚ್ಚೋ ಆದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಮುಂದಿನ ಹೆಜ್ಜೆ ಹೋಸ್ ಕ್ಲಿಪ್. ಶಾಫ್ಟಿನ ಹಿಂದಿನ ತುದಿಗೆ ಒಂದು ಕ್ಲಿಪ್ ಬಿಗಿದು, ಅದರ ಸ್ಕ್ರೂ ತಲೆಯನ್ನೇ ತೂಕವಾಗಿ ಬಳಸಿ. ಕಾಲು ಸುತ್ತಿಗೊಂದರಂತೆ ನಾಲ್ಕು ಕಡೆ ಇಟ್ಟು, ಪ್ರತಿ ಸಲ ಅದೇ ವೇಗದಲ್ಲಿ ಓಡಿಸಿ ನೋಡಿ. ಕ್ಲಿಪ್ ಬಾಡಿಗೂ ಹ್ಯಾಂಡ್‌ಬ್ರೇಕ್ ಕೇಬಲ್‌ಗೂ ತಾಗಬಾರದು. ಅತಿ ಕಡಿಮೆ ಅದುರಿದ ಜಾಗ ಗುರುತಿಸಿ, ಶಾಫ್ಟನ್ನು ಬ್ಯಾಲೆನ್ಸಿಂಗ್ ಮೆಶಿನ್ ಇರುವ ವರ್ಕ್‌ಶಾಪ್‌ಗೆ ಕೊಡಿ. ಕೆಲವರು ಕ್ಲಿಪ್ ಹಾಗೇ ಬಿಟ್ಟು ವರ್ಷಗಟ್ಟಲೆ ಓಡಿಸುತ್ತಾರೆ. ನನಗೆ ಅದು ಸೋಮಾರಿತನ ಅನ್ನಿಸುತ್ತದೆ.

9. ಒಂದು ಸಲಕ್ಕೆ ಒಂದೇ ಬದಲಾವಣೆ

ಟೈರ್, ಮೌಂಟಿಂಗ್, ಕ್ರಾಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಅದುರು ಹೋಗಬಹುದು, ಆದರೆ ಯಾವುದರಿಂದ ಹೋಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ, ಮತ್ತೆ ಬಂದಾಗ ಮೂರಕ್ಕೂ ದುಡ್ಡು ಕೊಡುತ್ತೀರಿ. ಒಂದು ಬದಲಿಸಿ, ಅದೇ ರಸ್ತೆ, ಅದೇ ವೇಗ, ಅದೇ ಟೈರ್ ಪ್ರೆಶರ್‌ನಲ್ಲಿ ಓಡಿಸಿ, ಬರೆದಿಡಿ. ಶಾಫ್ಟ್ ಬಿಚ್ಚಿದ್ದರೆ ಸ್ವಲ್ಪ ದೂರ ಓಡಿಸಿದ ಮೇಲೆ ಫ್ಲಾಂಜ್ ಬೋಲ್ಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ಬಿಗಿ ನೋಡಿ.